ಕೊಲೆಯ ಕಥೆ ಬರೆದು ಜಗತ್ತಿಗೆ ನೆಮ್ಮದಿ ಹಂಚಿದ ಅಗಾಥಾ ಕ್ರಿಸ್ಟಿ

ರಾತ್ರಿ ಊಟ ಮುಗಿಸಿ, ಮೊಬೈಲ್ ಚಾರ್ಜಿಗೆ ಹಾಕಿ, ಮಲಗುವ ಮುನ್ನ ಅರ್ಧ ಗಂಟೆ ಏನಾದರೂ ಹಗುರವಾದದ್ದು ಓದೋಣ ಅಂದುಕೊಳ್ಳುವವರು ಬಹಳ ಜನ. ವಿಚಿತ್ರವೆಂದರೆ ಅವರಲ್ಲಿ ಅನೇಕರು ಕೈಗೆತ್ತಿಕೊಳ್ಳುವುದು ಕೊಲೆಯ ಕಥೆಯನ್ನೇ! ಇಂಗ್ಲಿಷ್ ಪುಸ್ತಕದಂಗಡಿಗಳಲ್ಲಿ ಇಂಥ ಕಥೆಗಳಿಗೆ ‘ಕೋಜಿ ಮಿಸ್ಟರಿ’ ಎಂಬ ಹೆಸರಿದೆ. ಇಲ್ಲಿ ಕೊಲೆ ಆಗುತ್ತದೆ, ಆದರೆ ಪುಟದ ತುಂಬ ರಕ್ತ ಹರಿಯುವುದಿಲ್ಲ. ಬೈಗುಳ ಇಲ್ಲ, ಬಂದೂಕಿನ ಅಬ್ಬರ ಇಲ್ಲ. ಒಂದು ಪುಟ್ಟ ಊರು, ಅಕ್ಕಪಕ್ಕದ ಮನೆಯವರು, ಸಂಜೆಯ ಚಹಾ, ಪೊಲೀಸ್ ಕೆಲಸದಲ್ಲಿಲ್ಲದ ಒಬ್ಬ ಸಾಮಾನ್ಯ ವ್ಯಕ್ತಿ. ಕೊನೆಯ ಪುಟದ ಹೊತ್ತಿಗೆ ಗಂಟೆಲ್ಲ ಬಿಚ್ಚಿಕೊಂಡು, ಓದುಗ ದೀಪ ಆರಿಸಿ ನಿದ್ದೆಗೆ ಜಾರುತ್ತಾನೆ.

ಇಂಥ ಸರಣಿಗಳು ಇಂದು ಲೆಕ್ಕವಿಲ್ಲದಷ್ಟು ಇವೆ. ಯಾವುದರಿಂದ ಶುರು ಮಾಡಲಿ ಎಂದು ಯಾರನ್ನು ಕೇಳಿದರೂ ಮಾತು ಕೊನೆಗೆ ಬಂದು ನಿಲ್ಲುವುದು ಒಬ್ಬಾಕೆಯ ಹೆಸರಿನ ಮೇಲೆ. ಅಗಾಥಾ ಕ್ರಿಸ್ಟಿ. ಆಕೆ ತೀರಿಕೊಂಡದ್ದು 1976ರಲ್ಲಿ. ಆಕೆಯ ಪುಸ್ತಕಗಳು 200 ಕೋಟಿ ಪ್ರತಿಗಳಷ್ಟು ಮಾರಾಟವಾಗಿವೆ ಎಂಬುದು ಗಿನ್ನೆಸ್ ದಾಖಲೆಯ ಅಂದಾಜು. ಆದರೆ ಇಷ್ಟು ಜನರಿಗೆ ನೆಮ್ಮದಿಯ ನಿದ್ದೆ ಕೊಟ್ಟಾಕೆಯ ಬದುಕು ಒಂದು ಹಂತದಲ್ಲಿ ಎಷ್ಟು ಕುಸಿದುಹೋಗಿತ್ತು ಎಂಬುದು ಗೊತ್ತಾದರೆ, ಆ ಪುಸ್ತಕಗಳನ್ನು ಓದುವ ರೀತಿಯೇ ಬದಲಾಗುತ್ತದೆ.

1890ರ ಸೆಪ್ಟೆಂಬರ್ 15ರಂದು ಇಂಗ್ಲೆಂಡಿನ ಡೆವನ್ ಪ್ರಾಂತ್ಯದ ಟಾರ್ಕಿ ಎಂಬ ಕಡಲತೀರದ ಊರಿನಲ್ಲಿ ಅಗಾಥಾ ಹುಟ್ಟಿದಳು. ಅಪ್ಪ ಫ್ರೆಡರಿಕ್ ಮಿಲ್ಲರ್ ಅಮೆರಿಕದವರು. ಅಮ್ಮ ಕ್ಲಾರಾ. ಮೂವರು ಮಕ್ಕಳಲ್ಲಿ ಇವಳೇ ಕೊನೆಯವಳು. ಅಕ್ಕ ಮ್ಯಾಜ್ ಹನ್ನೊಂದು ವರ್ಷ ದೊಡ್ಡವಳು. ಎಂಟು ವರ್ಷ ತುಂಬುವವರೆಗೆ ಮಗುವಿಗೆ ಓದು ಕಲಿಸಬಾರದು ಎಂಬುದು ಅಮ್ಮನ ಹಟವಾಗಿತ್ತು. ಮಗು ಐದಕ್ಕೆಲ್ಲ ತಾನೇ ಓದಲು ಕಲಿತುಬಿಟ್ಟಿತು! ಆಶ್‌ಫೀಲ್ಡ್ ಎಂಬ ಹೆಸರಿನ ಆ ಮನೆ, ಅದರ ದೊಡ್ಡ ತೋಟ, ಕಲ್ಪನೆಯ ಗೆಳತಿಯರ ಜೊತೆಗಿನ ಆಟ, ಇವೇ ಆಕೆಯ ಬಾಲ್ಯ. 1901ರಲ್ಲಿ ಅಪ್ಪ ತೀರಿಕೊಂಡರು. ಅಮೆರಿಕದಿಂದ ಬರುತ್ತಿದ್ದ ಆದಾಯ ಅದಕ್ಕೂ ಮೊದಲೇ ಕರಗತೊಡಗಿತ್ತು. ಆಶ್‌ಫೀಲ್ಡ್ ಕೈತಪ್ಪಿ ಹೋಗುತ್ತದೇನೋ ಎಂಬ ಭಯ ಆಗ ಹುಟ್ಟಿದ್ದು ಬಹಳ ವರ್ಷ ಆಕೆಯನ್ನು ಬಿಡಲಿಲ್ಲ. ಕ್ರಿಸ್ಟಿ ಕಥೆಗಳಲ್ಲಿ ಮನೆ, ಉಯಿಲು, ಆಸ್ತಿಯ ಮಾತು ಯಾಕೆ ಅಷ್ಟು ಬರುತ್ತದೆ ಎಂದು ಕೇಳುವವರು ಇದನ್ನು ನೆನಪಿಡಬೇಕು.

1914ರ ಕ್ರಿಸ್‌ಮಸ್ ಹಿಂದಿನ ದಿನ ಸೈನ್ಯದ ವಿಮಾನದಳದಲ್ಲಿದ್ದ ಆರ್ಚಿ ಕ್ರಿಸ್ಟಿಯ ಜೊತೆ ಮದುವೆ. ಈ ಆರ್ಚಿ ಹುಟ್ಟಿದ್ದು ಆಗಿನ ಬ್ರಿಟಿಷ್ ಇಂಡಿಯಾದ ಪೇಶಾವರದಲ್ಲಿ, ಇಲ್ಲಿ ಸಿವಿಲ್ ಸರ್ವಿಸ್‌ನಲ್ಲಿದ್ದ ನ್ಯಾಯಾಧೀಶರೊಬ್ಬರ ಮಗನಾಗಿ. ಮದುವೆಯ ಬೆನ್ನಿಗೇ ಆತ ಯುದ್ಧಭೂಮಿಗೆ ಮರಳಿದರೆ, ಅಗಾಥಾ ಟಾರ್ಕಿಯ ರೆಡ್‌ಕ್ರಾಸ್ ಆಸ್ಪತ್ರೆಯಲ್ಲಿ ಗಾಯಾಳುಗಳ ಸೇವೆಗೆ ನಿಂತರು. ಆಮೇಲೆ ಅದೇ ಆಸ್ಪತ್ರೆಯ ಔಷಧ ವಿಭಾಗ. ಪರೀಕ್ಷೆ ಪಾಸು ಮಾಡಿ ಔಷಧ ಬೆರೆಸುವ ಅರ್ಹತೆಯನ್ನೂ ಪಡೆದರು. ಯಾವ ಬಾಟಲಿ ಗುಣಪಡಿಸುತ್ತದೆ, ಅದೇ ಬಾಟಲಿ ಎಷ್ಟು ಹನಿ ಹೆಚ್ಚಾದರೆ ಪ್ರಾಣ ತೆಗೆಯುತ್ತದೆ ಎಂಬುದು ಹೀಗೆ ತಲೆಗೆ ಹತ್ತಿತು. ಕೈಯಲ್ಲಿ ಕೆಲಸ ಕಡಿಮೆಯಿದ್ದ ಮಧ್ಯಾಹ್ನಗಳಲ್ಲಿ ಒಂದು ಪತ್ತೇದಾರಿ ಕಥೆ ಮೊಳೆಯಿತು. ನಿನ್ನ ಕೈಲಿ ಅದಾಗದು ಎಂದು ಅಕ್ಕ ಮ್ಯಾಜ್ ಹಿಂದೊಮ್ಮೆ ಕೆಣಕಿದ್ದು ಮನಸ್ಸಿನಲ್ಲಿತ್ತು. ಯುದ್ಧದಿಂದ ನಿರಾಶ್ರಿತರಾದ ಬೆಲ್ಜಿಯಂ ಜನ ಆಗ ಟಾರ್ಕಿಯಲ್ಲಿ ಬಂದು ನೆಲೆಸಿದ್ದರು. ಮೊಟ್ಟೆಯಾಕಾರದ ತಲೆ, ಅಚ್ಚುಕಟ್ಟಾದ ಮೀಸೆಯ ಬೆಲ್ಜಿಯನ್ ಪತ್ತೇದಾರ ಹರ್ಕ್ಯೂಲ್ ಪಾಯಿರೋ ಹುಟ್ಟಿದ್ದು ಹೀಗೆ.

ಒಬ್ಬರ ಹಿಂದೊಬ್ಬರಂತೆ ಪ್ರಕಾಶಕರು ಹಸ್ತಪ್ರತಿ ವಾಪಸ್ ಕಳಿಸಿದರು. ಕೊನೆಗೆ ಒಬ್ಬರು ಒಪ್ಪಿದರು. ‘ದಿ ಮಿಸ್ಟೀರಿಯಸ್ ಅಫೇರ್ ಅಟ್ ಸ್ಟೈಲ್ಸ್’ 1920ರಲ್ಲಿ ಅಮೆರಿಕದಲ್ಲಿ, ಮರುವರ್ಷದ ಆರಂಭದಲ್ಲಿ ಇಂಗ್ಲೆಂಡಿನಲ್ಲಿ ಬಂತು. ಲೇಖಕಿಯ ಕೈಗೆ ಸಿಕ್ಕಿದ್ದು 25 ಪೌಂಡ್! ಆದರೆ ಔಷಧ ತಜ್ಞರ ಪತ್ರಿಕೆಯೊಂದು ಕಥೆಯಲ್ಲಿನ ವಿಷದ ವಿವರ ಕರಾರುವಾಕ್ಕಾಗಿದೆ ಎಂದು ಮೆಚ್ಚಿ ಬರೆಯಿತು. ಆ ಮೆಚ್ಚುಗೆ ಆಕೆಗೆ ಕೊನೆಯವರೆಗೂ ಹೆಮ್ಮೆಯ ವಿಷಯವಾಗಿತ್ತು.

ಮುಂದಿನ ಕೆಲವು ವರ್ಷ ಸುಖದ ದಿನಗಳು. ಮಗಳು ರೊಸಾಲಿಂಡ್, 1922ರಲ್ಲಿ ಗಂಡನ ಜೊತೆ ಜಗತ್ತು ಸುತ್ತಿದ ಪ್ರವಾಸ, ಹವಾಯಿ ದ್ವೀಪದಲ್ಲಿ ಹಲಗೆಯ ಮೇಲೆ ನಿಂತು ಅಲೆ ಏರುವ ಆಟ, ಪುಸ್ತಕದ ದುಡ್ಡಿನಲ್ಲಿ ಕೊಂಡ ಕಾರು.

1926 ಬಂತು. ಏಪ್ರಿಲ್‌ನಲ್ಲಿ ಅಮ್ಮ ಕ್ಲಾರಾ ತೀರಿಕೊಂಡರು. ಆಶ್‌ಫೀಲ್ಡ್ ಮನೆಯ ಕೋಣೆ ಕೋಣೆ ಖಾಲಿ ಮಾಡುವ ಕೆಲಸ ಅಗಾಥಾ ಪಾಲಿಗೆ ಬಂತು. ನಿದ್ದೆ ಇಲ್ಲ, ಊಟ ಸೇರದು. ಅದೇ ವರ್ಷ ಆಕೆಗೆ ದೊಡ್ಡ ಹೆಸರು ತಂದ ‘ದಿ ಮರ್ಡರ್ ಆಫ್ ರೋಜರ್ ಆಕ್ರಾಯ್ಡ್’ ಬಂದಿತ್ತು, ಆದರೆ ಸಂಭ್ರಮಿಸುವ ಸ್ಥಿತಿಯಲ್ಲಿ ಯಾರಿದ್ದರು? ಆರ್ಚಿಗೆ ನ್ಯಾನ್ಸಿ ನೀಲ್ ಎಂಬ ಯುವತಿಯ ಮೇಲೆ ಪ್ರೀತಿ ಹುಟ್ಟಿತ್ತು. ಆತ ವಿಚ್ಛೇದನ ಕೇಳಿದ.

ಡಿಸೆಂಬರ್ 3ರ ರಾತ್ರಿ ಅಗಾಥಾ ಏಳು ವರ್ಷದ ಮಗಳನ್ನು ಮನೆಯಲ್ಲಿ ಬಿಟ್ಟು ಕಾರು ಹತ್ತಿ ಹೊರಟರು. ಮರುದಿನ ಬೆಳಗ್ಗೆ ನ್ಯೂಲ್ಯಾಂಡ್ಸ್ ಕಾರ್ನರ್ ಎಂಬಲ್ಲಿ ಇಳಿಜಾರಿನಲ್ಲಿ ಕಾರು ಸಿಕ್ಕಿತು, ಒಳಗೆ ಆಕೆಯ ಕೋಟು ಇತ್ತು, ಆಕೆ ಇರಲಿಲ್ಲ. ಇಡೀ ದೇಶ ಹುಡುಕಾಟಕ್ಕೆ ಇಳಿಯಿತು. ಸಾವಿರಕ್ಕೂ ಹೆಚ್ಚು ಪೊಲೀಸರು, ಸಾವಿರಾರು ಸ್ವಯಂಸೇವಕರು ಹೊಲ, ಪೊದೆ, ಕೊಳ ಜಾಲಾಡಿದರು. ಷರ್ಲಾಕ್ ಹೋಮ್ಸ್‌ನನ್ನು ಸೃಷ್ಟಿಸಿದ ಆರ್ಥರ್ ಕಾನನ್ ಡಾಯ್ಲ್ ಆಕೆಯ ಒಂದು ಕೈಗವಸನ್ನು ಪ್ರೇತಗಳ ಜೊತೆ ಮಾತಾಡುತ್ತೇನೆನ್ನುವ ವ್ಯಕ್ತಿಯ ಬಳಿ ಒಯ್ದರು. (ತರ್ಕದ ದೊರೆ ಹೋಮ್ಸ್ ಇದನ್ನು ನೋಡಿದ್ದರೆ ಏನೆನ್ನುತ್ತಿದ್ದನೋ!) ಹೆಂಡತಿಯನ್ನು ಗಂಡನೇ ಕೊಂದಿರಬಹುದೆಂಬ ಗುಸುಗುಸು ಹಬ್ಬಿತು. ಹನ್ನೊಂದು ದಿನದ ಮೇಲೆ, ಡಿಸೆಂಬರ್ 14ರಂದು, ಉತ್ತರದ ಹ್ಯಾರೊಗೇಟ್ ಊರಿನ ಹೋಟೆಲೊಂದರಲ್ಲಿ ಆಕೆ ಪತ್ತೆಯಾದರು. ಅಲ್ಲಿನ ವಾದ್ಯಗಾರರು ಗುರುತು ಹಿಡಿದಿದ್ದರು. ರಿಜಿಸ್ಟರಿನಲ್ಲಿ ಬರೆದಿದ್ದ ಹೆಸರು ತೆರೆಸಾ ನೀಲ್. ಗಂಡನ ಪ್ರೇಯಸಿಯ ಅಡ್ಡಹೆಸರು.

ನೆನಪು ಹೋಗಿತ್ತು ಎಂದು ವೈದ್ಯರು ಹೇಳಿದರು. ಪ್ರಚಾರದ ಗಿಮಿಕ್ ಎಂದು ಕೆಲವರು ಆಡಿಕೊಂಡರು. ಆಕೆ ಮಾತ್ರ ಆ ಹನ್ನೊಂದು ದಿನಗಳ ಬಗ್ಗೆ ತನ್ನ ಆತ್ಮಕಥೆಯಲ್ಲಿ ಒಂದು ಸಾಲನ್ನೂ ಬರೆಯಲಿಲ್ಲ. ಇದರ ಮೇಲೆ ಸಿನಿಮಾ, ಕಾದಂಬರಿ ಎಷ್ಟೋ ಬಂದಿವೆ. ನನಗನಿಸುವುದು ಇಷ್ಟು: ತಾಯಿ ಸತ್ತ ವರ್ಷವೇ ಗಂಡನೂ ಕೈಬಿಟ್ಟಾಗ ಒಬ್ಬ ಹೆಂಗಸು ಎಲ್ಲಿಗಾದರೂ ಹೋಗಿಬಿಡಬೇಕು ಅಂದುಕೊಂಡದ್ದಕ್ಕೆ ದೊಡ್ಡ ಸಂಚು ಹುಡುಕಬೇಕಿಲ್ಲ.

1928ರಲ್ಲಿ ವಿಚ್ಛೇದನ ಆಯಿತು. ಸಾಕಬೇಕಾದ ಮಗಳಿದ್ದಳು, ಕೈಯಲ್ಲಿ ಹಣವಿರಲಿಲ್ಲ. ಬರೆಯಲು ಮನಸ್ಸಿಲ್ಲದಿದ್ದರೂ ಮಗಳನ್ನೂ ಕಾರ್ಯದರ್ಶಿಯನ್ನೂ ಕರೆದುಕೊಂಡು ಕ್ಯಾನರಿ ದ್ವೀಪಕ್ಕೆ ಹೋಗಿ ‘ದಿ ಮಿಸ್ಟರಿ ಆಫ್ ದಿ ಬ್ಲೂ ಟ್ರೈನ್’ ಬರೆದು ಮುಗಿಸಿದರು. ಆ ಪುಸ್ತಕ ಆಕೆಗೆ ಎಂದೂ ಇಷ್ಟವಾಗಲಿಲ್ಲ. ಆದರೆ ಹವ್ಯಾಸಿ ಬರಹಗಾರ್ತಿ ವೃತ್ತಿಗೆ ಇಳಿದದ್ದು ಅಲ್ಲೇ ಎಂಬುದನ್ನು ಆಕೆಯೂ ಒಪ್ಪಿದ್ದರು.

ಈಗ ನಮಗೆ ಬೇಕಾದ ವಿಷಯಕ್ಕೆ ಬರೋಣ. ನಾಪತ್ತೆ ಪ್ರಕರಣವಾಗಿ ಸರಿಯಾಗಿ ಒಂದು ವರ್ಷಕ್ಕೆ, 1927ರ ಡಿಸೆಂಬರ್‌ನಲ್ಲಿ, ಪತ್ರಿಕೆಯೊಂದರಲ್ಲಿ ಆಕೆಯ ಸಣ್ಣ ಕಥೆ ಬಂತು. ಅದರಲ್ಲಿ ಮೂಲೆಯ ಕುರ್ಚಿಯಲ್ಲಿ ಹೆಣಿಗೆ ಹಾಕುತ್ತಾ ಕೂತ ಒಬ್ಬ ಅವಿವಾಹಿತ ಮುದುಕಿ. ಹೆಸರು ಜೇನ್ ಮಾರ್ಪಲ್, ಊರು ಸೇಂಟ್ ಮೇರಿ ಮೀಡ್. ಸುತ್ತ ಕೂತ ಬುದ್ಧಿವಂತರು ಒಂದು ನಿಗೂಢ ಸಾವಿನ ಬಗ್ಗೆ ತರ್ಕ ಮಾಡಿ ಸೋಲುತ್ತಾರೆ. ಅಜ್ಜಿ ತನ್ನ ಹಳ್ಳಿಯ ಹಳೆಯ ಪ್ರಸಂಗವೊಂದನ್ನು ನೆನೆದುಕೊಂಡು, ಕೊಲೆಗಾರ ಯಾರೆಂದು ಹೇಳಿಬಿಡುತ್ತಾಳೆ. ನಮ್ಮ ಕಡೆ ಜಗುಲಿಯ ಮೇಲೆ ಹತ್ತಿ ಬತ್ತಿ ಹೊಸೆಯುತ್ತಾ ಕೂತಿರುವ ಅಜ್ಜಿಯನ್ನು ನೆನಪಿಸಿಕೊಳ್ಳಿ. ತಲೆ ಎತ್ತುವುದಿಲ್ಲ, ಆದರೆ ಓಣಿಯಲ್ಲಿ ಯಾರು ಎಷ್ಟು ಹೊತ್ತಿಗೆ ಹೋದರು, ಯಾರ ಮುಖ ಬಾಡಿತ್ತು ಎಲ್ಲವೂ ಆಕೆಗೆ ಗೊತ್ತು. ಮಾರ್ಪಲ್ ಅಂಥವಳು. ಎಲ್ಲರ ಬಗ್ಗೆಯೂ ಕೆಟ್ಟದ್ದನ್ನೇ ಊಹಿಸಿ, ಅದು ನಿಜವೂ ಆಗಿಬಿಡುತ್ತಿದ್ದ ತನ್ನ ಅಜ್ಜಿಯೊಬ್ಬರ ಗುಣವನ್ನು ಅಗಾಥಾ ಈ ಪಾತ್ರಕ್ಕೆ ಕೊಟ್ಟರು.

ದೇಶಕ್ಕೆ ದೇಶವೇ ತನ್ನನ್ನು ಬೆನ್ನಟ್ಟಿ ನೋಡಿದ ವರ್ಷ ಕಳೆಯುತ್ತಲೇ, ಎಲ್ಲವನ್ನೂ ನೋಡುವ ಆದರೆ ಯಾರ ಕಣ್ಣಿಗೂ ಬೀಳದ ಒಬ್ಬ ಹೆಂಗಸನ್ನು ಆಕೆ ಬರೆದದ್ದು ಕಾಕತಾಳೀಯ ಎಂದು ನನಗೆ ಅನಿಸುವುದಿಲ್ಲ. ಮಾರ್ಪಲ್ ಕಥೆಗಳ ನೆಮ್ಮದಿ ಇರುವುದೂ ಇಲ್ಲೇ. ಜಗತ್ತು ಒಳ್ಳೆಯದು ಎಂದು ಈ ಕಥೆಗಳು ಹೇಳುವುದಿಲ್ಲ. ಮನುಷ್ಯರು ದುಡ್ಡಿಗಾಗಿ, ಹೊಟ್ಟೆಕಿಚ್ಚಿಗಾಗಿ ಪಕ್ಕದಲ್ಲೇ ಇರುವವರನ್ನು ಕೊಲ್ಲುತ್ತಾರೆ. ಆದರೆ ಅದನ್ನು ಗಮನಿಸುವವರು ಒಬ್ಬರಿದ್ದಾರೆ.

ಬದುಕು ಮತ್ತೆ ತಿರುಗಿತು. 1928ರಲ್ಲಿ ಆಕೆ ಒಬ್ಬರೇ ಓರಿಯಂಟ್ ಎಕ್ಸ್‌ಪ್ರೆಸ್ ರೈಲು ಹತ್ತಿ ಬಾಗ್ದಾದ್ ಕಡೆ ಹೊರಟರು. ಇರಾಕಿನ ಊರ್ ಉತ್ಖನನ ನೋಡಲು ಎರಡನೇ ಸಲ ಹೋದಾಗ ಮ್ಯಾಕ್ಸ್ ಮ್ಯಾಲೊವಾನ್ ಎಂಬ ಪುರಾತತ್ವಜ್ಞ ಸಿಕ್ಕರು. ಆಕೆಗಿಂತ ಹದಿಮೂರು ವರ್ಷ ಚಿಕ್ಕವರು! 1930ರ ಸೆಪ್ಟೆಂಬರ್‌ನಲ್ಲಿ ಎಡಿನ್‌ಬರೋದಲ್ಲಿ ಮದುವೆಯಾಯಿತು. ಮೊದಲ ಮಾರ್ಪಲ್ ಕಾದಂಬರಿ ‘ದಿ ಮರ್ಡರ್ ಅಟ್ ದಿ ವಿಕರೇಜ್’ ಬಂದದ್ದೂ ಅದೇ ವರ್ಷ. ಮುಂದೆ ವರ್ಷ ವರ್ಷವೂ ಗಂಡನ ಜೊತೆ ಮರಳುಗಾಡಿನ ಡೇರೆಗಳಲ್ಲಿದ್ದು, ಫೋಟೋ ತೆಗೆದು, ನಿಮ್ರುದ್‌ನಲ್ಲಿ ಸಿಕ್ಕ ಪ್ರಾಚೀನ ದಂತದ ಕೆತ್ತನೆಗಳನ್ನು ತನ್ನ ಮುಖಕ್ಕೆ ಹಚ್ಚುವ ಕ್ರೀಮಿನಿಂದ ಒರೆಸಿ, ಮಿಕ್ಕ ಹೊತ್ತಿನಲ್ಲಿ ಕಾದಂಬರಿ ಬರೆದರು. ಎರಡನೇ ಮಹಾಯುದ್ಧದಲ್ಲಿ ಲಂಡನ್ನಿನ ಆಸ್ಪತ್ರೆಯ ಔಷಧ ವಿಭಾಗಕ್ಕೆ ಮತ್ತೆ ಕೆಲಸಕ್ಕೆ ಹೋದರು. ಒಟ್ಟು 66 ಪತ್ತೇದಾರಿ ಕಾದಂಬರಿಗಳು. 1952ರಲ್ಲಿ ಲಂಡನ್ನಿನಲ್ಲಿ ಶುರುವಾದ ‘ದಿ ಮೌಸ್‌ಟ್ರ್ಯಾಪ್’ ನಾಟಕ ಕೊರೊನಾ ಬರುವವರೆಗೂ ನಿಲ್ಲದೆ ನಡೆದು, ಆಮೇಲೆ ಮತ್ತೆ ಶುರುವಾಯಿತು. ನಮ್ಮಲ್ಲಿ ಹಿಂದಿಯ ‘ಗುಮ್ನಾಮ್’ ನೋಡಿ ಬೆಚ್ಚಿದವರೂ, ಬಂಗಾಳಿಯ ‘ಶುಭೋ ಮಹೂರತ್’ ನೋಡಿ ಮೆಚ್ಚಿದವರೂ ಗೊತ್ತಿದ್ದೋ ಗೊತ್ತಿಲ್ಲದೆಯೋ ಕ್ರಿಸ್ಟಿಯ ಕಥೆಯನ್ನೇ ನೋಡಿದ್ದಾರೆ.

ದೋಷಗಳಿಲ್ಲವೇ? ಇವೆ. ಮನೆಗೆಲಸದವರನ್ನು ಪೆದ್ದರಂತೆ ತೋರಿಸುವುದು, ಯಹೂದಿಗಳ ಮತ್ತು ಪರದೇಶಿಗಳ ಬಗ್ಗೆ ಹಗುರ ಮಾತು ಹಳೆಯ ಪುಸ್ತಕಗಳಲ್ಲಿ ಕಣ್ಣಿಗೆ ಹೊಡೆಯುತ್ತವೆ. ಒಂದು ಪುಸ್ತಕದ ಶೀರ್ಷಿಕೆಯನ್ನೇ ಬದಲಿಸಬೇಕಾಯಿತು. ಅಂಥ ಸಾಲು ಬಂದಾಗ ಕಸಿವಿಸಿಯಾಗುವುದು ಸಹಜ.

ಹಾಗಾದರೆ ಯಾವುದರಿಂದ ಶುರು ಮಾಡುವುದು? ಮನಸ್ಸಿಗೆ ಹಗುರ ಬೇಕೆಂದರೆ ‘ಅಂಡ್ ದೆನ್ ದೇರ್ ವರ್ ನನ್’ ಬೇಡ. ಅದ್ಭುತ ಪುಸ್ತಕ, ಆದರೆ ನಿದ್ದೆ ಕೆಡಿಸುತ್ತದೆ. ಲೆಕ್ಕಾಚಾರ, ಒಗಟು, ಪ್ರವಾಸ ಇಷ್ಟವಿದ್ದರೆ 33 ಕಾದಂಬರಿಗಳ ಪಾಯಿರೋ ಸರಣಿ ಇದೆ. ‘ಡೆತ್ ಆನ್ ದಿ ನೈಲ್’ ಹಿಡಿಯಿರಿ. ದಣಿದು ಬಂದ ಸಂಜೆಗೆ ಮಾತ್ರ ಮಾರ್ಪಲ್ ಸರಿ. ಹನ್ನೆರಡೇ ಕಾದಂಬರಿ, ಕ್ರಮವಾಗಿ ಓದಲೇಬೇಕೆಂದಿಲ್ಲ. ‘ಎ ಮರ್ಡರ್ ಈಸ್ ಅನೌನ್ಸ್ಡ್’ನಲ್ಲಿ ಇಂಥ ಮನೆಯಲ್ಲಿ ಇಷ್ಟು ಗಂಟೆಗೆ ಕೊಲೆ ನಡೆಯಲಿದೆ ಎಂದು ಊರಿನ ಪತ್ರಿಕೆಯಲ್ಲಿ ಜಾಹೀರಾತು ಬರುತ್ತದೆ, ನೆರೆಹೊರೆಯವರು ಕುತೂಹಲಕ್ಕೆ ನೆಪ ಹುಡುಕಿಕೊಂಡು ಹಾಜರಾಗುತ್ತಾರೆ. ‘4.50 ಫ್ರಮ್ ಪ್ಯಾಡಿಂಗ್ಟನ್’ನಲ್ಲಿ ರೈಲಿನಲ್ಲಿ ಕೂತ ಹೆಂಗಸಿಗೆ ಪಕ್ಕದ ಹಳಿಯ ರೈಲಿನ ಕಿಟಕಿಯಲ್ಲಿ ಒಬ್ಬ ಕೊಲೆ ಮಾಡುತ್ತಿರುವುದು ಕಾಣುತ್ತದೆ, ಹೆಣ ಸಿಗುವುದಿಲ್ಲ, ಮಾರ್ಪಲ್ ಬಿಟ್ಟು ಬೇರೆ ಯಾರೂ ನಂಬುವುದಿಲ್ಲ. ಮುಂಬೈ ಲೋಕಲ್‌ನಲ್ಲಿ ಎದುರಿನ ಡಬ್ಬಿಯವರ ಮುಖ ನೋಡುತ್ತಾ ಹೋಗುವವರಿಗೆ ಇದು ಹೇಳಿ ಮಾಡಿಸಿದ ಪುಸ್ತಕ.

ಯುದ್ಧಕಾಲದಲ್ಲಿ, ತಾನು ಬಾಂಬಿಗೆ ಸಿಕ್ಕು ಸತ್ತರೂ ಇರಲಿ ಎಂದು, ಅಗಾಥಾ ಎರಡು ಕೊನೆಯ ಕಥೆಗಳನ್ನು ಬರೆದು ಭದ್ರವಾಗಿ ಎತ್ತಿಟ್ಟಿದ್ದರು. ಪಾಯಿರೋ ಸಾಯುವ ‘ಕರ್ಟನ್’ 1975ರಲ್ಲಿ ಹೊರಬಂತು. ನ್ಯೂಯಾರ್ಕ್ ಟೈಮ್ಸ್ ಆ ಕಾಲ್ಪನಿಕ ಮನುಷ್ಯನ ನಿಧನ ವಾರ್ತೆಯನ್ನು ಮುಖಪುಟದಲ್ಲಿ ಹಾಕಿತು. 1976ರ ಜನವರಿ 12ರಂದು ವಾಲಿಂಗ್‌ಫರ್ಡ್ ಬಳಿಯ ಮನೆಯಲ್ಲಿ, 85ನೇ ವಯಸ್ಸಿನಲ್ಲಿ ಅಗಾಥಾ ತೀರಿಕೊಂಡರು. ಅದೇ ವರ್ಷ ಮತ್ತೊಂದು ಕಥೆ ‘ಸ್ಲೀಪಿಂಗ್ ಮರ್ಡರ್’ ಬಂತು. ಅದರ ಕೊನೆಯಲ್ಲಿ ಮಿಸ್ ಮಾರ್ಪಲ್ ಸಾಯುವುದಿಲ್ಲ.