ಮೋಟಾರನ್ನೇ ಬ್ರೇಕ್ ಮಾಡಿದ ಗುಟ್ಟು, ಕಮ್ಮಾರನ ಮಗ ಫ್ಯಾರಡೆ

ಹಳೇ ಆಟಿಕೆ ಕಾರಿನಿಂದ ಮೋಟಾರ್ ಕಿತ್ತು, ಅದರ ಕಡ್ಡಿಯನ್ನು ಬೆರಳಲ್ಲಿ ತಿರುಗಿಸಿ. ಸಲೀಸಾಗಿ ತಿರುಗುತ್ತೆ. ಈಗ ಎರಡೂ ವೈರ್‌ಗಳ ತುದಿ ಸೇರಿಸಿ ತಿರುಗಿಸಿ. ಒಳಗಿಂದ ಯಾರೋ ಹಿಡಿದಂತೆ ಬಿಗಿಯಾಗುತ್ತೆ. ನಾನು ಇದನ್ನು ಮೊದಲ ಸಲ ಮಾಡಿದಾಗ ನೆನಪಾದದ್ದು ಮೈಕೆಲ್ ಫ್ಯಾರಡೆ.

1791ರಲ್ಲಿ ಬಡ ಕಮ್ಮಾರನ ಮಗನಾಗಿ ಹುಟ್ಟಿದ ಫ್ಯಾರಡೆಗೆ ಶಾಲೆ ಸಿಕ್ಕಿದ್ದು ಅಷ್ಟಕ್ಕಷ್ಟೇ. 14ನೇ ವಯಸ್ಸಿಗೆ ಲಂಡನ್ನಿನ ಬುಕ್ ಬೈಂಡಿಂಗ್ ಅಂಗಡಿ ಸೇರಿ, ಹೊಲಿಯೋಕೆ ಬಂದ ಪುಸ್ತಕಗಳನ್ನೇ ಓದಿ ಕಲಿತ. 1812ರಲ್ಲಿ ವಿಜ್ಞಾನಿ ಹಂಫ್ರಿ ಡೇವಿಯ ಉಪನ್ಯಾಸ ಕೇಳಿ, ಟಿಪ್ಪಣಿಗಳನ್ನು ತಾನೇ ಬೈಂಡ್ ಮಾಡಿ ಅವನಿಗೆ ಕಳಿಸಿದ. ಮರುವರ್ಷ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಸಹಾಯಕನ ಕೆಲಸ ಸಿಕ್ಕಿತು.

ಆದರೆ ವರ್ಗ ಅಷ್ಟು ಸುಲಭಕ್ಕೆ ಬಿಡಲ್ಲ. ಡೇವಿ ದಂಪತಿ ಜೊತೆ ಯುರೋಪ್ ಪ್ರವಾಸ ಹೋದಾಗ ಆಳಿನ ಕೆಲಸವೂ ಇವನ ತಲೆಗೇ ಬಿತ್ತು. ಡೇವಿಯ ಹೆಂಡತಿ ಅವನನ್ನು ಆಳಿನಂತೆಯೇ ಕಂಡಳು. 1824ರಲ್ಲಿ ರಾಯಲ್ ಸೊಸೈಟಿಗೆ ಅವನ ಆಯ್ಕೆಯನ್ನು ವಿರೋಧಿಸಿದ್ದೂ ಅದೇ ಡೇವಿ.

ಅಷ್ಟರಲ್ಲಿ ಕೆಲಸ ಮಾತಾಡಿತ್ತು. 1821ರಲ್ಲಿ ಪಾದರಸದ ಬಟ್ಟಲಲ್ಲಿಟ್ಟ ಅಯಸ್ಕಾಂತದ ಸುತ್ತ ಕರೆಂಟ್ ಹರಿಯುವ ತಂತಿ ತಿರುಗುವಂತೆ ಮಾಡಿದ್ದ. 1831ರಲ್ಲಿ ಅಯಸ್ಕಾಂತದ ಧ್ರುವಗಳ ನಡುವೆ ತಾಮ್ರದ ತಟ್ಟೆ ತಿರುಗಿಸಿ ಕರೆಂಟ್ ಪಡೆದ. ಮೊದಲನೆಯದು ಮೋಟಾರ್, ಎರಡನೆಯದು ಜನರೇಟರ್; ಒಂದೇ ಸಂಗತಿಯ ಎರಡು ಮುಖ.

ಬ್ರೇಕ್ ಹುಟ್ಟೋದು ಇಲ್ಲೇ. ಚಕ್ರವೇ ಮೋಟಾರನ್ನು ತಿರುಗಿಸಿದಾಗ ಅದು ಜನರೇಟರ್ ಆಗುತ್ತೆ. ಹಾಗೆ ಹರಿದ ಕರೆಂಟ್ ತನ್ನನ್ನು ಹುಟ್ಟಿಸಿದ ಚಲನೆಯನ್ನೇ ವಿರೋಧಿಸುತ್ತೆ. ಇದನ್ನು 1834ರಲ್ಲಿ ನಿಯಮವಾಗಿ ಪ್ರಕಟಿಸಿದ್ದು ಲೆನ್ಜ್. ಇವತ್ತು ಎಷ್ಟೋ ಎಲೆಕ್ಟ್ರಿಕ್ ಸ್ಕೂಟರ್‌ಗಳ ಕಂಟ್ರೋಲರ್ ಸೆಕೆಂಡಿಗೆ ಸಾವಿರಾರು ಸಲ ಸ್ವಿಚ್ ಹಾಕಿ ತೆಗೆದು ಆ ಕರೆಂಟನ್ನು ಹಿಡಿತದಲ್ಲಿಡುತ್ತೆ. ಹೆಚ್ಚು ಕರೆಂಟ್, ಹೆಚ್ಚು ಬಿಗಿ. ಶಕ್ತಿಯ ಒಂದಷ್ಟು ಪಾಲು ಬ್ಯಾಟರಿಗೆ ವಾಪಸ್. ಬ್ಯಾಟರಿ ತುಂಬಿದ್ದರೆ ಶಕ್ತಿಗೆ ಜಾಗ ಇಲ್ಲ. ಚಕ್ರ ನಿಂತರೆ ಕರೆಂಟೇ ಹುಟ್ಟಲ್ಲ. ಹಾಗಾಗಿ ಮಾಮೂಲಿ ಬ್ರೇಕೂ ಬೇಕು.

ಫ್ಯಾರಡೆ ಮುಂದೆ ಸರ್ ಪದವಿಯನ್ನೂ ರಾಯಲ್ ಸೊಸೈಟಿಯ ಅಧ್ಯಕ್ಷಗಿರಿಯನ್ನೂ ಬೇಡ ಅಂದ. 1867ರಲ್ಲಿ ತೀರಿಕೊಂಡ.

ಪ್ರತಿಭೆ ಇದ್ರೆ ಯಾರೂ ತಡೆಯೋಕಾಗಲ್ಲ ಅನ್ನೋಕೆ ಈ ಕತೆಯನ್ನು ಬಳಸೋರಿದ್ದಾರೆ. ನಾನು ಒಪ್ಪಲ್ಲ. ಡೇವಿಯ ಉಪನ್ಯಾಸದ ಟಿಕೆಟ್ ಅವನಿಗೆ ಸಿಕ್ಕಿದ್ದು ಅಂಗಡಿಯ ಗಿರಾಕಿಯೊಬ್ಬ ಕೊಟ್ಟದ್ದರಿಂದ. ಆ ಗಿರಾಕಿ ಬರದ ಅಂಗಡಿಗಳಲ್ಲಿ ಪುಸ್ತಕ ಹೊಲಿಯುತ್ತಲೇ ಉಳಿದ ಹುಡುಗರ ಲೆಕ್ಕ ಯಾರ ಹತ್ತಿರವೂ ಇಲ್ಲ. ಲ್ಯಾಬಿನ ಬಾಗಿಲು ಯಾರದೋ ಔದಾರ್ಯದಿಂದಲ್ಲ, ಹಕ್ಕಿನಿಂದ ತೆರೀಬೇಕು.