ಟಂಗ್‌ಸ್ಟನ್ನನ್ನು ಮಣಿಸಿದ ಕೂಲಿಜ್

ವಿಲಿಯಂ ಡೇವಿಡ್ ಕೂಲಿಜ್ 1873ರ ಅಕ್ಟೋಬರ್ 23ರಂದು ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಹಡ್ಸನ್ ಎಂಬ ಊರಿನಲ್ಲಿ ಜನಿಸಿದನು. ತಂದೆ ಪಾದರಕ್ಷೆಗಳನ್ನು ತಯಾರಿಸುತ್ತ ಸಣ್ಣ ಹೊಲವೊಂದನ್ನು ನೋಡಿಕೊಳ್ಳುತ್ತಿದ್ದನು. ತಾಯಿ ಉಡುಪು ಹೊಲಿಯುತ್ತಿದ್ದಳು. ಬಡತನ ಕಲಿಕೆಗೆ ಅಡ್ಡಿಯಾಗಲಿಲ್ಲ. ವಿದ್ಯಾರ್ಥಿವೇತನದ ನೆರವಿನಿಂದ ಓದಿದ ಆತನು 1899ರಲ್ಲಿ ಜರ್ಮನಿಯ ಲೈಪ್‌ಜಿಗ್ ವಿಶ್ವವಿದ್ಯಾನಿಲಯದ ಡಾಕ್ಟರೇಟ್ ಪಡೆದು, 1905ರಲ್ಲಿ ಸ್ಕೆನೆಕ್ಟಡಿಯ ಜನರಲ್ ಎಲೆಕ್ಟ್ರಿಕ್ ಸಂಶೋಧನಾಲಯವನ್ನು ಸೇರಿದನು.

ವಿದ್ಯುದ್ದೀಪದ ತಂತು ಹೆಚ್ಚು ಕಾದಷ್ಟೂ ಹೆಚ್ಚು ಬೆಳಗುತ್ತದೆ. ಎಡಿಸನ್ನನು 1879ರಲ್ಲಿ ಬಳಸಿದ ಇಂಗಾಲದ ತಂತು ಬಹಳ ಕಾದರೆ ಬೇಗನೆ ಆವಿಯಾಗಿ ಸವೆಯುತ್ತಿತ್ತು. ಗಾಜಿನ ಬುರುಡೆಗೆ ಕಪ್ಪು ಹಿಡಿಯುತ್ತಿತ್ತು. ಪ್ಲಾಟಿನಂ 1768 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲೇ ಕರಗುತ್ತದೆ, ಬೆಲೆಯೂ ದುಬಾರಿ. ಟಂಗ್‌ಸ್ಟನ್ನಾದರೋ 3422 ಡಿಗ್ರಿಯವರೆಗೆ ಕರಗದು. ಲೋಹಗಳಲ್ಲೆಲ್ಲ ಇದೇ ಅತ್ಯಧಿಕ. ಬೆಳ್ಳಗೆ ಕಾದಾಗಲೂ ಅದು ಆವಿಯಾಗುವುದು ಅತ್ಯಲ್ಪ. ಆದರೆ ಅದಕ್ಕೊಂದು ದೊಡ್ಡ ದೋಷವಿತ್ತು: ಎಳೆದರೆ ತಂತಿಯಾಗದೆ ಮುರಿಯುತ್ತಿತ್ತು. ಅದರ ಪುಡಿಯನ್ನು ಒತ್ತಿ ಮಾಡಿದ ತಂತುಗಳು ಸಣ್ಣ ಆಘಾತಕ್ಕೂ ತುಂಡಾಗುತ್ತಿದ್ದವು.

ಈ ಒರಟು ಲೋಹವನ್ನು ಮಣಿಸಲು ಕೂಲಿಜ್ ವರ್ಷಗಟ್ಟಲೆ ಶ್ರಮಿಸಿದನು. ಪುಡಿಯನ್ನು ಒತ್ತಿ ಸರಳಾಗಿಸಿ, ಜಲಜನಕದ ನಡುವೆ ವಿದ್ಯುತ್ತಿನಿಂದ ಕಾಯಿಸಿ ಗಟ್ಟಿಗೊಳಿಸಿದನು. ಅದು ಕಾದಿರುವಾಗಲೇ ಸುತ್ತಲಿಂದ ಬಡಿದು ಸಣ್ಣದಾಗಿಸಿ, ವಜ್ರದಲ್ಲಿ ಕೊರೆದ ರಂಧ್ರಗಳ ಮೂಲಕ ಎಳೆಸಿದನು. ಸಾಮಾನ್ಯ ಲೋಹಗಳು ತಣ್ಣಗಿರುವಾಗ ಬಡಿದಷ್ಟೂ ಪೆಡಸಾಗುತ್ತವೆ, ಕಾಯಿಸಿದರೆ ಮೆದುವಾಗುತ್ತವೆ. ಟಂಗ್‌ಸ್ಟನ್ನಿನ ರೀತಿಯೇ ಬೇರೆ. ಹಂತಹಂತವಾಗಿ ಉಷ್ಣತೆಯನ್ನು ತಗ್ಗಿಸುತ್ತ ಬಡಿದು ಎಳೆದಂತೆ ಅದು ಬಾಗುವ ಗುಣವನ್ನು ಪಡೆಯಿತು. ಕೊನೆಗೆ ತಣ್ಣಗಿರುವಾಗಲೂ ಮುರಿಯದೆ ಬಾಗಿತು. ಕೂದಲೆಳೆಗಿಂತ ತೆಳುವಾದ ಈ ತಂತಿಯ ದೀಪಗಳು 1911ರಲ್ಲಿ ಮಾರುಕಟ್ಟೆಗೆ ಬಂದವು. ಅಷ್ಟೇ ವಿದ್ಯುತ್ತಿಗೆ ಇವು ಇಂಗಾಲದ ದೀಪಗಳ ಎರಡು ಪಾಲಿಗಿಂತ ಹೆಚ್ಚು ಬೆಳಕು ನೀಡಿದವು.

1913ರಲ್ಲಿ ಈ ಶೋಧಕ್ಕೆ ಪೇಟೆಂಟು ದೊರೆಯಿತು. ಆದರೆ ಬಾಗುವ ಗುಣ ಲೋಹದಲ್ಲೇ ಸಹಜವಾಗಿ ಅಡಗಿದ್ದುದು, ಮನುಷ್ಯನು ನಿರ್ಮಿಸಿದ್ದಲ್ಲ ಎಂಬ ಅಭಿಪ್ರಾಯದಿಂದ 1928ರಲ್ಲಿ ನ್ಯಾಯಾಲಯವು ಅದನ್ನು ಮಾನ್ಯ ಮಾಡಲಿಲ್ಲ. ಪೇಟೆಂಟಿನ ಈ ವ್ಯಾಜ್ಯದ ಕಾರಣದಿಂದಲೇ ಕೂಲಿಜ್ ತನಗೆ ಸಂದ ಎಡಿಸನ್ ಪದಕವನ್ನು ಒಮ್ಮೆ ನಿರಾಕರಿಸಿದನು. ತನ್ನ ಗೌರವಕ್ಕೆ ಆಧಾರವಾದುದೇ ಪ್ರಶ್ನೆಗೊಳಗಾದಾಗ ಅದನ್ನು ಸ್ವೀಕರಿಸುವುದು ಆತನಿಗೆ ಸರಿತೋರಲಿಲ್ಲ. ಮುಂದೆ ಆ ಪದಕ ಆತನಿಗೇ ದೊರೆಯಿತು.

1913ರಲ್ಲೇ ಕೂಲಿಜ್ ಕಾದ ಟಂಗ್‌ಸ್ಟನ್ ತಂತುವಿರುವ ಕ್ಷ-ಕಿರಣ ನಳಿಕೆಯನ್ನೂ ರೂಪಿಸಿದನು. 1975ರ ಫೆಬ್ರುವರಿ 3ರಂದು, ನೂರೊಂದು ವರ್ಷ ತುಂಬಿದ್ದ ಆತನು ತೀರಿಕೊಂಡನು. ಮನೆಗಳಲ್ಲಿ ಈಗ ಎಲ್‌ಇಡಿ ದೀಪಗಳು ಬೆಳಗುತ್ತಿವೆ. ಆದರೆ ಮುರಿದ ಮೂಳೆಯನ್ನು ವೈದ್ಯರಿಗೆ ತೋರಿಸುವ ಕ್ಷ-ಕಿರಣ ಯಂತ್ರದಲ್ಲಿ ಟಂಗ್‌ಸ್ಟನ್ ತಂತು ಇಂದಿಗೂ ಕಾಯುತ್ತಿದೆ.