ಕಲ್ಲಿನ ಅಕ್ಷರಕ್ಕೆ ಕಾಗದದ ಶಿಸ್ತು ತಂದ ಫ್ಲೀಟ್

ಬಾಗಲಕೋಟೆ: ಬಾದಾಮಿಯ ಮೂರನೆಯ ಗುಹೆಯಲ್ಲಿ ಕ್ರಿ.ಶ. 578ರ ಶಾಸನವಿದೆ. ಹುನಗುಂದ ತಾಲೂಕಿನ ಐಹೊಳೆಯ ಮೇಗುತಿ ಗುಡಿಯಲ್ಲಿ ಕ್ರಿ.ಶ. 634ರ ರವಿಕೀರ್ತಿಯ ಪ್ರಶಸ್ತಿಯಿದೆ. ಇವನ್ನು ಸಾಲು ಸಾಲಾಗಿ ಓದಿ ಅಚ್ಚಿಗಿಳಿಸಿದವರಲ್ಲಿ ಅಗ್ರಗಣ್ಯರು ಜಾನ್ ಫೇತ್‌ಫುಲ್ ಫ್ಲೀಟ್.

1847ರಲ್ಲಿ ಜನಿಸಿದ ಫ್ಲೀಟ್, ಲಂಡನ್ನಿನಲ್ಲಿ ಸಂಸ್ಕೃತ ಕಲಿತು 1867ರಲ್ಲಿ ಮುಂಬಯಿ ಪ್ರಾಂತದ ಸಿವಿಲ್ ಸೇವೆಗೆ ಬಂದರು. 1872ರಲ್ಲಿ ದಕ್ಷಿಣ ವಿಭಾಗದ ಶಿಕ್ಷಣಾಧಿಕಾರಿಯಾದರು. ಆಡಳಿತದ ಹೊಣೆಯ ನಡುವೆಯೇ ಕನ್ನಡ ಕಲಿತು ಶಾಸನಗಳ ಬೆನ್ನು ಹತ್ತಿದರು. 1882ರಲ್ಲಿ ಕನ್ನಡ ಜಿಲ್ಲೆಗಳ ರಾಜವಂಶಗಳ ಇತಿಹಾಸ ಬರೆದರು. 1883ರಲ್ಲಿ ಭಾರತ ಸರ್ಕಾರದ ಶಾಸನತಜ್ಞರಾಗಿ ನೇಮಕಗೊಂಡರು. ಮುಧೋಳ ಸೀಮೆಯ ಹಲಗಲಿ ಬೇಡರ ಲಾವಣಿಯನ್ನು ಸಂಗ್ರಹಿಸಿ ಉಳಿಸಿದ ಶ್ರೇಯವೂ ಅವರದೇ.

ಫ್ಲೀಟರ ಹಿರಿಮೆ ಅವರ ಶಿಸ್ತಿನಲ್ಲಿದೆ. 1888ರ ಗುಪ್ತ ಶಾಸನಗಳ ಸಂಪುಟದಲ್ಲಿ ಸವೆದ ಅಕ್ಷರಗಳಿಗೆ ಚೌಕ ಆವರಣ, ತಿದ್ದುಪಡಿಗೆ ದುಂಡು ಆವರಣ, ಕಂಡರಣೆಗಾರ ಬಿಟ್ಟ ಅಕ್ಷರಕ್ಕೆ ನಕ್ಷತ್ರ ಚಿಹ್ನೆ ಬಳಸಿದರು. ಕಲ್ಲಿನಲ್ಲಿರುವುದು ಯಾವುದು, ಸಂಪಾದಕರ ಊಹೆ ಯಾವುದು ಎಂಬುದು ಓದುಗನಿಗೆ ಸ್ಪಷ್ಟವಾಗುತ್ತಿತ್ತು. 1876ರಲ್ಲಿ ಪ್ರಕಟಿಸಿದ ಐಹೊಳೆ ಶಾಸನವನ್ನು 1879ರಲ್ಲಿ ಅವರೇ ಮತ್ತೊಮ್ಮೆ ಸಂಪಾದಿಸಿದರು. ಮುಂದೆ ಕೀಲ್‌ಹಾರ್ನ್ ಅದನ್ನು ಪುನಃ ಪರಿಷ್ಕರಿಸಿದರು.

ಕಂಪ್ಯೂಟರ್ ಯುಗದಲ್ಲಿ ಈ ಶಿಸ್ತಿಗೆ ಹೊಸ ಅರ್ಥ ಬಂದಿದೆ. ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಪಠ್ಯವೆಂದರೆ ಸಂಕೇತಗಳ ಸರಣಿ. ಅದಕ್ಕೆ ಸ್ಟ್ರಿಂಗ್ ಎಂದು ಹೆಸರು. ಐಹೊಳೆ ಎಂಬ ಪದ ಕಣ್ಣಿಗೆ ಮೂರಕ್ಷರ. ಯುನಿಕೋಡ್‌ನಲ್ಲಿ ಅದು ಸಾಮಾನ್ಯವಾಗಿ ಐದು ಸಂಕೇತ: ಸ್ವರ ಐ, ವ್ಯಂಜನ ಹ, ಒತ್ವ, ವ್ಯಂಜನ ಳ, ಎತ್ವ. ಒತ್ವವನ್ನು ಎತ್ವ ಮತ್ತು ಊತ್ವಗಳಾಗಿ ಬಿಡಿಸಿಟ್ಟರೆ ಆರು. ತೆರೆಯ ಮೇಲೆ ಎರಡೂ ಒಂದೇ. ಆದರೆ ಏಕರೂಪಗೊಳಿಸದೆ ಹೋಲಿಸಿದರೆ ಯಂತ್ರವು ಅವನ್ನು ಬೇರೆ ಬೇರೆ ಪದಗಳೆಂದೇ ತಿಳಿಯುತ್ತದೆ. ಆಗ ಶಾಸನದಲ್ಲಿರುವ ಊರು ಹುಡುಕಾಟದಲ್ಲಿ ಸಿಗದೆ ಹೋಗಬಹುದು. ಸವೆದ ಅಕ್ಷರದ ಗುರುತುಗಳನ್ನು ಕಿತ್ತುಹಾಕಿ ಪಠ್ಯ ತುಂಬಿದರೆ ಊಹೆಯೇ ಪ್ರಮಾಣವಾಗಿಬಿಡುವ ಅಪಾಯವೂ ಉಂಟು. ಓದಿದ್ದನ್ನೂ ಊಹಿಸಿದ್ದನ್ನೂ ಬೇರೆ ಬೇರೆಯಾಗಿ ಇಡುವ ಫ್ಲೀಟರ ಕ್ರಮ ಇಲ್ಲಿಯೂ ಮಾರ್ಗದರ್ಶಿ.

1897ರಲ್ಲಿ ನಿವೃತ್ತರಾಗಿ ಇಂಗ್ಲೆಂಡಿಗೆ ಮರಳಿದ ಬಳಿಕವೂ ಫ್ಲೀಟ್ ಶಾಸನಗಳ ಅಧ್ಯಯನ ನಿಲ್ಲಿಸಲಿಲ್ಲ. 1917ರ ಫೆಬ್ರವರಿಯಲ್ಲಿ ನಿಧನರಾದರು. ಚಾಲುಕ್ಯರ ನಾಡಿನ ಇತಿಹಾಸ ಬರೆಯುವವರು ಇಂದಿಗೂ ಅವರ ಪಾಠಗಳನ್ನು ತಿರುವಿ ಹಾಕದೆ ಮುಂದೆ ಸಾಗುವಂತಿಲ್ಲ.